ಖಾಲಿ ಕರಡಿಗೆ

"ಹಿಟ್ಟೇ ಮೇಡಂ, ಅನುಮಾನವೇ ಬೇಡ," ಎಂದ ವಾಗೀಶ. "ಆ ಮನುಷ್ಯನದು ಹಿಟ್ಟಿನ ಗಿರಣಿ. ಕೈಯೆಲ್ಲ ಹಿಟ್ಟು, ಮೈಯೆಲ್ಲ ಹಿಟ್ಟು. ಕರಡಿಗೆ ಒಳಗೂ ಅಂಟಿಸಿ ಹೋಗಿದಾನೆ."

ಇನ್‌ಸ್ಪೆಕ್ಟರ್ ಶಿಲ್ಪಶ್ರೀ ಮುಂದಕ್ಕೆ ಬಗ್ಗಿ ನೋಡಿದಳು. ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಮೇಲೆ ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡು ಕೂತಿತ್ತು. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರ. ಎರಡು ಬದಿಗೂ ಕೊರಳಿಗೆ ಕಟ್ಟುವ ಶಿವದಾರ ಪೋಣಿಸುವ ಬಳೆಗಳು. ತಳದಲ್ಲಿ ಮೊಳೆಯಿಂದ ಗೀರಿದಂತಿದ್ದ ಅಕ್ಷರಗಳು: ತೊರೆಹುಂಡಿ ಗುರುಮಲ್ಲ. ಒಳಗಿರಬೇಕಾಗಿದ್ದ ಇಷ್ಟಲಿಂಗ ಇರಲಿಲ್ಲ. ಕಪ್ಪಿಟ್ಟ ಬೆಳ್ಳಿಯ ಒಳಮೈಯಲ್ಲಿ, ಯಾರೋ ಹೆಬ್ಬೆರಳು ಒತ್ತಿದ ಹಾಗೆ, ಒಂದು ಬಿಳಿಯ ಕಲೆ ಮಾತ್ರ ಇತ್ತು.

ಕಂಪನಿ ಸರ್ಕಾರದ ದೊರೆಯೊಬ್ಬ ಪಟೇಲ ಗುರುಮಲ್ಲಪ್ಪನನ್ನು ನೇಣಿಗೆ ಹಾಕುವ ಮುಂಚೆ ಅವನ ಕೊರಳಿಂದ ಕಿತ್ತುಕೊಂಡು ಹೋಗಿದ್ದ ಈ ಕರಡಿಗೆ, ಹತ್ತಿರ ಹತ್ತಿರ ಇನ್ನೂರು ವರ್ಷವಾದ ಮೇಲೆ ಸ್ಕಾಟ್‌ಲೆಂಡಿನಿಂದ ಮೈಸೂರಿಗೆ ವಾಪಸು ಬಂದು, ಮೊನ್ನೆ ಬುಧವಾರ ಅಧಿಕಾರಿಗಳೆಲ್ಲರ ಎದುರು ತೆರೆದಾಗ ಖಾಲಿಯಾಗಿತ್ತು.

ಬೆರಳಚ್ಚಿನವರು ಬಂದು ಹೋಗಿದ್ದರು. ಕಲೆ ಹರಡಿಕೊಂಡಿದ್ದರಿಂದ ಗುರುತು ಸಿಕ್ಕಿರಲಿಲ್ಲ. ಅವರು ಕೆರೆದು ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಪುಡಿಯಲ್ಲಿ ಚಿಟಿಕೆಯಷ್ಟನ್ನು ಶಿಲ್ಪಶ್ರೀ ಮುಂಗೈ ಮೇಲೆ ಹಾಕಿಕೊಂಡಳು. ಬಾಟಲಿಯಿಂದ ಒಂದು ತೊಟ್ಟು ನೀರು ಬಿಟ್ಟು ಬೆರಳಿಂದ ಎಳೆದಳು. ಬಣ್ಣವೇ ಕಾಣಲಿಲ್ಲ. ಫ್ಯಾನಿನ ಗಾಳಿಗೆ ನೀರು ಆರುತ್ತ ಬಂದ ಹಾಗೆ ಚರ್ಮದ ಮೇಲೆ ಬೆಳ್ಳಗೆ ಗೆರೆ ಎದ್ದು ಬಂತು.

"ಹಿಟ್ಟಾಗಿದ್ದರೆ ಅಂಟು ಬರ್ತಿತ್ತು ವಾಗೀಶ್. ಇದು ವಿಭೂತಿ."

ಮ್ಯೂಸಿಯಮ್ಮಿನ ಸಹಾಯಕ ಕ್ಯುರೇಟರ್ ವಾಗೀಶ ಸ್ವಲ್ಪ ಪೆಚ್ಚಾದ. ಆದರೂ ಬಿಡಲಿಲ್ಲ. "ಹಾಗಾದ್ರೂ ಅವನೇ ಅಲ್ವ ಮೇಡಂ? ವಿಭೂತಿ ಹಚ್ಚೋ ಜನ."

"ನಾನೂ ಹಚ್ಚೋ ಜನಾನೇ," ಎಂದಳು ಶಿಲ್ಪಶ್ರೀ.

ಅವನು ಕೆಮ್ಮಿ ಬೇರೆ ಕಡೆ ನೋಡಿದ.

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವ ಹಾಗೂ ಇರಲಿಲ್ಲ. ಗುರುಮಲ್ಲಪ್ಪನ ವಂಶದಲ್ಲಿ ಈಗ ಉಳಿದಿರುವವನು ಕುಂಬಾರಕೊಪ್ಪಲಿನ ಗಿರಣಿ ಮೃತ್ಯುಂಜಯ. ಕರಡಿಗೆ ಬಂದಿಳಿದ ದಿನ ಪತ್ರಿಕೆಯವರ ಮುಂದೆಯೇ ಅವನು ಕೂಗಾಡಿದ್ದ. 'ನಮ್ಮ ಹಿರೀಕನ ಪ್ರಾಣಲಿಂಗಾನ ಗಾಜಿನ ಪೆಟ್ಟಿಗೇಲಿ ಇಟ್ಟು ಟಿಕೆಟ್ ಹರಿದು ತೋರಿಸ್ತೀರಾ? ಅದು ಆತನ ಗದ್ದುಗೆ ಒಳಗೆ ಹೋಗ್ಬೇಕು, ಹೋಗೇ ಹೋಯ್ತದೆ' ಎಂದಿದ್ದ. ಆ ವಿಡಿಯೊ ಊರೆಲ್ಲ ಓಡಾಡಿತ್ತು. ಬೆಳ್ಳಿಯನ್ನು ಮುಟ್ಟದೆ ಲಿಂಗವನ್ನು ಮಾತ್ರ ಒಯ್ದ ಕಳ್ಳ ಇನ್ಯಾರು ಇದ್ದಾನು ಎಂದು ಎಲ್ಲರೂ ಅವನ ಕಡೆಗೇ ಬೆರಳು ಮಾಡಿದ್ದರು.

"ಇದನ್ನ ಮುಚ್ಚಿ ತೆಗೆದು ತೋರಿಸಿ," ಎಂದಳು ಶಿಲ್ಪಶ್ರೀ.

ವಾಗೀಶ ಗ್ಲೌಸು ಹಾಕಿಕೊಂಡು ಕರಡಿಗೆಯನ್ನು ಮುಚ್ಚಿದ. ಹೊರಗೆ ಕೊಂಡಿಯಿಲ್ಲ, ತಿರುಪಿಲ್ಲ. ಎಡಗಡೆಯ ಬಳೆಯನ್ನು ಒಳಕ್ಕೆ ಒತ್ತಿ ಅರ್ಧ ಸುತ್ತು ತಿರುಗಿಸಿದ. ಟಕ್ಕೆಂದು ಬಾಯಿ ಬಿಟ್ಟಿತು.

"ಇದು ನಿಮಗೆ ಹೇಗೆ ಗೊತ್ತಾಯ್ತು?"

"ಸ್ಕಾಟ್‌ಲೆಂಡಿನೋರು ವಿಡಿಯೊ ಕಾಲ್‌ನಲ್ಲಿ ತೋರಿಸಿದ್ರು. ಶನಿವಾರ ತೆಗೆದು ನೋಡ್ದಾಗ ಲಿಂಗ ಇತ್ತು. ಮತ್ತೆ ಸ್ಟ್ರಾಂಗ್ ರೂಮಿಗೆ ಸೇರಿಸಿದ್ವಿ."

"ಶನಿವಾರ ಯಾರ್ಯಾರು ಇದ್ರಿ?"

"ನಾನು, ಮತ್ತೆ ಡೈರೆಕ್ಟರ್ ಮೇಡಂ." ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಏನೋ ತಗುಲಿದ ಹಾಗಾಯಿತು.

"ಭಾನುವಾರ ಬೆಳಿಗ್ಗೆಯಿಂದ ಮಂಗಳವಾರದವರೆಗೆ ನೀವು ತುಮಕೂರಿನ ಮದುವೇಲಿದ್ರಿ. ವಿಚಾರಿಸಿದೀನಿ. ನಿಮ್ಮ ಹತ್ರ ಇದ್ದ ಸ್ಟ್ರಾಂಗ್ ರೂಮ್ ಕೀ?"

ವಾಗೀಶ ಗ್ಲೌಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿದ. ಲಿಂಗವನ್ನೂ ಕರಡಿಗೆಯನ್ನೂ ಬೇರೆ ಬೇರೆ ಮಾಡಿ ಪ್ರದರ್ಶನಕ್ಕಿಡಬೇಕೆಂದು ಡೈರೆಕ್ಟರ್ ಜೊತೆ ಜಗಳವಾಡಿದ್ದವನು ಅವನು. ಅವರ ಮೇಲೆ ಅವನಿಗೆ ಸಿಟ್ಟಿತ್ತು. ಆದರೂ ಈಗ ಅವನ ದನಿ ಇಳಿಯಿತು.

"ಊರಿಗೆ ಹೋಗ್ಬೇಕಾದ್ರೆ ಅವರ ಕೈಗೇ ಕೊಟ್ಟು ಹೋಗಿದ್ದೆ."

ಶಿಲ್ಪಶ್ರೀಯ ಫೋನು ಗುನುಗಿತು. ಡಿಸಿಪಿ ಸಾಹೇಬರು.

"ಏನ್ರೀ, ಇನ್ನೂ ಮ್ಯೂಸಿಯಮ್ಮಲ್ಲೇ ಇದೀರಾ? ಆ ಗಿರಣಿಯವನನ್ನ ಸಂಜೆಯೊಳಗೆ ಕರ್ಕೊಂಡ್ಬನ್ನಿ. ಎರಡು ಮಾತು ಜೋರಾಗಿ ಕೇಳಿದ್ರೆ ತಾನೇ ತಂದಿಡ್ತಾನೆ. ಮೇಲಿಂದ ಪ್ರೆಷರ್ ಇದೆ ಕಣ್ರೀ."

"ಸರ್, ಭಾನುವಾರ ಅವನ ತಾಯಿ ತೀರ್ಕೊಂಡಿದಾರೆ."

"ಗೊತ್ತು. ಆದ್ರಿಂದ ಏನಾಯ್ತು? ಸಂಜೆ." ಫೋನು ಕಟ್ಟಾಯಿತು.

ಅವಳು ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು.

ಡೈರೆಕ್ಟರ್ ಕೋಣೆಗೆ ಹೋಗುವ ಉದ್ದನೆಯ ಪಡಸಾಲೆಯಲ್ಲಿ ನಡೆಯುವಾಗ, ಆ ದಿನ ಬೆಳಿಗ್ಗೆ ಕುಂಬಾರಕೊಪ್ಪಲಿನಲ್ಲಿ ಕೇಳಿದ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಗಿರಣಿಗೆ ಬಾಗಿಲು ಹಾಕಿತ್ತು. ಮೃತ್ಯುಂಜಯ ಅದರ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ಪೊಲೀಸ್ ಜೀಪು ಕಂಡರೂ ಎದ್ದಿರಲಿಲ್ಲ. ಕೇಳಿದ್ದಕ್ಕೆಲ್ಲ 'ನಾನಲ್ಲ' ಎಂದಷ್ಟೇ ಹೇಳಿದ್ದ. ಒಳಗೆ ಅವನ ಹೆಂಡತಿ ಪ್ರಭಾಮಣಿ ಲೋಟದ ತುಂಬ ಕಾಫಿ ಕೊಟ್ಟು, ಕಣ್ಣೊರೆಸಿಕೊಳ್ಳುತ್ತ ಮಾತಾಡಿದ್ದಳು.

'ನಮ್ಮತ್ತೆ ಪುಣ್ಯವಂತರು ಕಣಮ್ಮ. ಕೊನೇಗಳಿಗೇಲಿ ಮ್ಯೂಸಿಯಂ ಮೇಡಮ್ಮೋರೂ ಬಂದಿದ್ರು. ನಾನೇ ಫೋನ್ ಮಾಡಿದ್ದೆ, ಅತ್ತೆಗೆ ತುಂಬ ಸೀರಿಯಸ್ಸು ಅಂತ. ಒಂದೇ ಉಸಿರಿಗೆ ಬಂದ್ಬುಟ್ರು. ಅತ್ತೆ ಹಣೆಗೆ ಹಚ್ಚಿ ಅಂತ ವಿಭೂತಿ ಗಟ್ಟಿ ಕೊಟ್ಟೆ, ಹಚ್ಚಿದ್ರು. ಒಂದ್ಚೂರು ಹೊತ್ತು ಒಬ್ಬಳೇ ಕೂತಿರ್ತೀನಿ ಅಂದ್ರು. ಆಮೇಲೆ ಮಧ್ಯಾಹ್ನಕ್ಕೇ ಅತ್ತೆ ಹೊರಟೋದ್ರು.'

ಅಷ್ಟು ಸಾಕಾಗಿತ್ತು. ಆದರೆ ಸಾಕಾಯಿತೆಂದು ಒಪ್ಪಿಕೊಳ್ಳಲು ಶಿಲ್ಪಶ್ರೀಗೆ ಮನಸ್ಸೇ ಬರುತ್ತಿರಲಿಲ್ಲ.

*

ಮ್ಯೂಸಿಯಂ ಇದ್ದ ಜಯಲಕ್ಷ್ಮಿಪುರಂನ ಆ ಹಳೆಯ ಬಂಗಲೆಯಲ್ಲಿ ಡೈರೆಕ್ಟರ್ ಚೂಡಾಮಣಿ ಕೂರುತ್ತಿದ್ದದ್ದು ಹಿಂಬದಿಯ ಕೋಣೆಯಲ್ಲಿ. ಕಿಟಕಿಯಾಚೆ ಒಂದು ಸಂಪಿಗೆ ಮರ. ನಿವೃತ್ತಿಗೆ ಹತ್ತಿರ ಬಂದ ಹೆಂಗಸು. ಕಡ್ಡಿಯಂಥ ಮೈ, ಗಂಜಿ ಹಾಕಿದ ನೂಲಿನ ಸೀರೆ. ಮಂತ್ರಿಗಳು ಬರಿಗೈಯಲ್ಲಿ ವಿಗ್ರಹ ಮುಟ್ಟಲು ಹೋದಾಗ 'ಕೈ ತೆಗೀರಿ ಸರ್' ಎಂದು ಗದರಿದ್ದವರು ಎಂದು ಊರಲ್ಲೆಲ್ಲ ಹೆಸರು.

"ಬನ್ನಿ ಶಿಲ್ಪಶ್ರೀ. ಸಿಕ್ತಾ ಏನಾದ್ರೂ?"

ಶಿಲ್ಪಶ್ರೀ ಬಟ್ಟೆಯನ್ನು ಬಿಡಿಸಿ ಕರಡಿಗೆಯನ್ನು ಅವರ ಮುಂದಿಟ್ಟಳು. ಹಿಂದಿರುಗಿ ಬಾಗಿಲನ್ನು ಒರಗಿಸಿ ಬಂದು ಕೂತಳು.

"ಮೇಡಂ, ನಿಮ್ಮ ಮನೇಲಿ ವಿಭೂತಿ ಹಚ್ತಾರಾ?"

"ಇಲ್ಲ. ಯಾಕೆ?"

"ಈ ಕಟ್ಟಡದೊಳಗೆ ಊದುಬತ್ತೀನೂ ಹಚ್ಚಬಾರದು ಅಂತ ನೀವೇ ಬೋರ್ಡು ಹಾಕ್ಸಿದೀರಿ. ಸ್ಟ್ರಾಂಗ್ ರೂಮಲ್ಲಿ ವಿಭೂತಿ ಎಲ್ಲಿಂದ ಬರ್ಬೇಕು? ಕರಡಿಗೆ ಒಳಗೆ ಹೆಬ್ಬೆಟ್ಟಿನಷ್ಟು ವಿಭೂತಿ ಅಂಟಿದೆ. ಅಂದ್ರೆ ವಿಭೂತಿ ಇಲ್ಲಿಗೆ ಬರ್ಲಿಲ್ಲ. ಕರಡಿಗೇನೇ ವಿಭೂತಿ ಇರೋ ಮನೆಗೆ ಹೋಗಿ ಬಂದಿದೆ."

ಚೂಡಾಮಣಿ ಕರಡಿಗೆಯ ಒಳಕ್ಕೆ ಬಗ್ಗಿ ನೋಡಿದರು.

"ಸ್ಟ್ರಾಂಗ್ ರೂಮಿನ ಎರಡೂ ಕೀ, ನಿಮ್ಮದೂ ವಾಗೀಶರದೂ, ಭಾನುವಾರ ನಿಮ್ಮ ಹತ್ರವೇ ಇದ್ವು. ಇದನ್ನ ತೆಗೆಯೋ ರೀತಿ ನಿಮಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ನೀವು ಮೃತ್ಯುಂಜಯನ ತಾಯಿ ಸಿದ್ದಲಿಂಗಮ್ಮನವರ ಮನೇಲಿದ್ರಿ. ಅವರ ಹಣೆಗೆ ವಿಭೂತಿ ಹಚ್ಚಿದ್ರಿ." ಶಿಲ್ಪಶ್ರೀ ಕರಡಿಗೆಯೊಳಗಿನ ಬಿಳಿಯ ಕಲೆಯನ್ನು ತೋರಿಸಿದಳು. "ಗ್ಲೌಸ್ ಇಲ್ಲದೆ ಒಂದು ಕಾಗದಾನೂ ಮುಟ್ಟದೋರು ನೀವು. ಇದನ್ನ ಬರಿಗೈಯಲ್ಲಿ ಮುಟ್ಟಿದೀರಿ."

ಚೂಡಾಮಣಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡರು. 

"ಇನ್ನೊಬ್ಬರ ಲಿಂಗಾನ ಗ್ಲೌಸ್ ಹಾಕ್ಕೊಂಡು ಮುಟ್ಟೋದು ಹೇಗಮ್ಮ? ಮನಸ್ಸು ಬರ್ಲಿಲ್ಲ."

ಶಿಲ್ಪಶ್ರೀ ಮೂರು ದಿನದಿಂದ ಹುಡುಕುತ್ತಿದ್ದ ಉತ್ತರ ಅದು. ಸಿಕ್ಕಾಗ ಸಮಾಧಾನವೇನೂ ಆಗಲಿಲ್ಲ.

"ಯಾಕೆ ಮೇಡಂ?" ಎಂದಳು. ಅದು ಪೊಲೀಸಿನವರ ದನಿಯಾಗಿರಲಿಲ್ಲ.

ಚೂಡಾಮಣಿ ಗೋಡೆಯ ಮೇಲಿದ್ದ ಒಂದು ಫೋಟೊ ತೋರಿಸಿದರು. ಯಾವುದೋ ಸಣ್ಣ ಊರಿನ ಮ್ಯೂಸಿಯಮ್ಮು. ಗಾಜಿನ ಕಪಾಟಿನ ಮೂಲೆಯಲ್ಲಿ, ಚಮಚ, ಪಿಂಗಾಣಿ ಬಟ್ಟಲುಗಳ ಮಧ್ಯೆ ಇದೇ ಕರಡಿಗೆ.

"ಅಲ್ಲಿ ಇದರ ಕೆಳಗೆ ಏನು ಬರೆದಿದ್ರು ಗೊತ್ತಾ? ಬೆಳ್ಳಿಯ ನಶ್ಯದ ಡಬ್ಬಿ, ಇಂಡಿಯಾ. ನಾನು ಯಾವುದೋ ಸೆಮಿನಾರಿಗೆ ಹೋದವಳು, ಮಳೆ ಬಂತು ಅಂತ ಒಳಗೆ ನಿಂತ್ಕೊಂಡೆ. ಬಗ್ಗಿ ನೋಡಿದ್ರೆ ತಳದಲ್ಲಿ ಕನ್ನಡ ಅಕ್ಷರ. ಅಲ್ಲೇ ಕೂತು ಅತ್ತೆ ಕಣಮ್ಮ. ಕಾವಲುಗಾರ ಬಂದು ಹುಷಾರಿಲ್ವಾ ಅಂತ ಕೇಳ್ದ."

ಅಲ್ಲಿಂದ ಮುಂದಿನದನ್ನು ಅವರು ನಿಧಾನವಾಗಿ ಹೇಳಿದರು. ತೊರೆಹುಂಡಿ ಎಲ್ಲಿದೆ ಎಂದು ಹುಡುಕಿದ್ದು. ಆ ವಂಶದವರು ಕುಂಬಾರಕೊಪ್ಪಲಿನಲ್ಲಿದ್ದಾರೆಂದು ತಿಳಿದದ್ದು. ಹೋದಾಗ ಸಿದ್ದಲಿಂಗಮ್ಮ ಗಿರಣಿಯ ಮುಂದೆ ಕೂತು ರಾಗಿ ಕೇರುತ್ತಿದ್ದದ್ದು. ಫೋಟೊ ನೋಡಿದ ಆಕೆ ಮೊರವನ್ನು ಪಕ್ಕಕ್ಕಿಟ್ಟು, ಸೆರಗನ್ನು ತಲೆಗೆ ಹೊದ್ದು, ಕೂತಲ್ಲೇ ನೆಲಕ್ಕೆ ಹಣೆ ಹಚ್ಚಿದ್ದು.

ಕಂದಾಯ ಕಟ್ಟುವುದಿಲ್ಲ ಎಂದು ಸುತ್ತಲ ಹಳ್ಳಿಗಳನ್ನು ಒಟ್ಟುಗೂಡಿಸಿದ ಪಟೇಲ ಗುರುಮಲ್ಲಪ್ಪ. ಹಿಡಿದು ಹುಣಸೆಮರಕ್ಕೆ ಹಾಕಿದರು. ಕುಣಿಕೆಗೆ ಕರಡಿಗೆ ಅಡ್ಡ ಬರುತ್ತದೆಂದು ದೊರೆ ತಾನೇ ಕೈಹಾಕಿ ಕಿತ್ತುಕೊಂಡ. ಲಿಂಗವಂತರಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಸತ್ತಾಗ ಎಡ ಅಂಗೈಯಲ್ಲಿಟ್ಟುಕೊಂಡೇ ಮಣ್ಣಿಗೆ ಹೋಗಬೇಕು. ಗುರುಮಲ್ಲಪ್ಪ ಬರಿಗೈಯಲ್ಲಿ ಹೋದ. ಅವನ ಸಮಾಧಿಯ ಗದ್ದುಗೆಯ ನೆತ್ತಿಯ ಮೇಲೆ ಮನೆಯವರು ಒಂದು ಕಲ್ಲನ್ನು ಕೂರಿಸದೆ ಹಾಗೇ ಬಿಟ್ಟರು. ಎಂದಾದರೂ ಲಿಂಗ ಬಂದರೆ ಒಳಗಿಳಿಸಲು. ಆ ಮನೆಗೆ ಬಂದ ಸೊಸೆಯರಿಗೆಲ್ಲ ಮೊದಲು ತೋರಿಸುತ್ತಿದ್ದದ್ದು ಆ ಸಂದನ್ನು.

"ನನ್ನ ಕಣ್ಣು ಮುಚ್ಚೋದ್ರೊಳಗೆ ತಂದ್ಕೊಡವ್ವ ಅಂದ್ರು ಸಿದ್ದಲಿಂಗಮ್ಮ. ತಂದ್ಕೊಡ್ತೀನಿ ಅಂತ ಮಾತು ಕೊಟ್ಟೆ. ಸ್ಕಾಟ್‌ಲೆಂಡಿನೋರು ಮನೆಯವರಿಗೆ ಕೊಡಲ್ಲ, ಮ್ಯೂಸಿಯಮ್ಮಿಗಾದ್ರೆ ಕೊಡ್ತೀವಿ ಅಂದ್ರು. ಯಾವತ್ತೂ ಮ್ಯೂಸಿಯಮ್ಮಿಂದ ಹೊರಗೆ ಹೋಗಬಾರದು ಅಂತ ಷರತ್ತು. ಅದಕ್ಕೂ ಮಾತು ಕೊಟ್ಟೆ. ಮೊದಲು ದೇಶಕ್ಕೆ ಬರ್ಲಿ, ಆಮೇಲೆ ನೋಡ್ಕೊಳ್ಳೋಣ ಅಂತ."

"ಎರಡು ಕಡೇನೂ ಮಾತು ಕೊಟ್ರಿ."

"ಹೌದು. ಒಂದು ಗಂಟೆ ಆ ಮನೆಗೆ ತಗೊಂಡು ಹೋಗಿ ತೋರಿಸಿ ಬರ್ತೀನಿ, ಪೊಲೀಸ್ ಕಾವಲು ಕೊಡಿ ಅಂತ ಇಲಾಖೇಲಿ ಬೇಡ್ಕೊಂಡೆ. ಆಗಲ್ಲ ಅಂದ್ರು. ಭಾನುವಾರ ಪ್ರಭಾಮಣಿ ಫೋನ್ ಮಾಡಿದ್ಲಲ್ಲ..." ಚೂಡಾಮಣಿ ನೀರಿನ ಲೋಟಕ್ಕೆ ಕೈ ಚಾಚಿ, ಕುಡಿಯದೆ ಹಿಂದಕ್ಕಿಟ್ಟರು. "ಬ್ಯಾಗಲ್ಲಿ ಇಟ್ಕೊಂಡು ಹೋದೆ. ತೋರಿಸಿ ವಾಪಸ್ ತಂದಿಡೋಣ ಅಂತಲೇ ಹೋದೆ. ನಂಬ್ತೀರಾ?"

"ಹೇಳಿ."

"ಮಾತು ನಿಂತು ಹೋಗಿತ್ತು. ಕಿವಿ ಹತ್ರ ಬಗ್ಗಿ, ಅವ್ವಾ, ಗುರುಮಲ್ಲಪ್ಪನೋರ ಲಿಂಗ ತಂದಿದೀನಿ ಅಂದೆ. ಕಣ್ಣು ಬಿಟ್ರು. ಎಡಗೈ ಎತ್ತಿದ್ರು. ಅಂಗೈ ಮೇಲಿಟ್ಟೆ. ಮುಚ್ಕೊಂಡ್ರು."

ಹೊರಗೆ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ಪಡಸಾಲೆಯಲ್ಲಿ ಹೋಗುವ ಗಲಾಟೆ ಕೇಳಿ ಬಂದು ಕಡಿಮೆಯಾಯಿತು.

"ಅವರ ಮುಖದಲ್ಲಿ ಏನು ನೆಮ್ಮದಿ ಬಂತು ಅಂತೀರಿ! ನಾನು ಹುಟ್ಟಿ ಇಷ್ಟು ದಿನಕ್ಕೆ ನೋಡಿರ್ಲಿಲ್ಲ. ಕಾದೆ. ಕೈ ಬಿಡ್ಲಿಲ್ಲ. ಒಂದು ಬೆರಳು ಬಿಡಿಸೋಕೆ ನೋಡ್ದೆ. ಬಂತು. ತಿರುಗಾ ಮಡಚ್ಕೊಂಡ್ರು. ಇನ್ನೊಂದು ಸಲ ನನ್ನ ಕೈಲಿ ಆಗ್ಲಿಲ್ಲ ಶಿಲ್ಪಶ್ರೀ. ಒಬ್ಬ ಆಗಲೇ ಕಿತ್ಕೊಂಡು ಹೋಗಿದ್ದ. ನಾನು ಎರಡನೆಯವಳಾಗಲಾ?"

"ಆಮೇಲೆ?"

"ಕರಡಿಗೆ ಮುಚ್ಚಿ ಬ್ಯಾಗಿಗೆ ಹಾಕ್ಕೊಂಡೆ. ಆಗ ಬೆರಳಲ್ಲಿ ವಿಭೂತಿ ಇದ್ದದ್ದು ಗೊತ್ತಾಗ್ಲಿಲ್ಲ. ಮಧ್ಯಾಹ್ನ ಹೋಗಿಬಿಟ್ರು. ಸಂಜೆ ಮಣ್ಣು ಮಾಡ್ಬೇಕಾದ್ರೆ ಸ್ವಾಮಿಗಳು ಅಂಗೈ ನೋಡಿ, ಲಿಂಗ ಕೈಲೇ ಇದೆ, ಮಹಾತಾಯಿ ಅಂದು, ಬಟ್ಟೆ ಸುತ್ತಿ ಕಟ್ಟಿದ್ರು. ಗುಣಿಯೊಳಗೆ ಕೂರಿಸಿ ಪತ್ರೆ, ವಿಭೂತಿ ತುಂಬಿದ್ರು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ."

ಶಿಲ್ಪಶ್ರೀ ತನ್ನ ಅಪ್ಪನನ್ನು ನೆನೆದಳು. ಕಳೆದ ಶ್ರಾವಣದಲ್ಲಿ ಅವರನ್ನು ಹಾಗೆಯೇ ಕೂರಿಸಿದ್ದರು. ಕಾಲು ಮಡಚಿ, ಬೆನ್ನು ನೆಟ್ಟಗೆ, ಎಡಗೈ ಮಡಿಲಲ್ಲಿ. ಮಣ್ಣು ಎದೆಮಟ್ಟಕ್ಕೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕೈಯಲ್ಲಿ ಲಿಂಗವಿದೆ, ಅವರೊಬ್ಬರೇ ಹೋಗುತ್ತಿಲ್ಲ ಎಂದು ಅವಳ ತಾಯಿ ಕಿವಿಯಲ್ಲಿ ಹೇಳುತ್ತಲೇ ಇದ್ದರು. ಆ ಮಾತು ಇಲ್ಲದಿದ್ದರೆ ಅವಳು ಅಲ್ಲಿಂದ ಎದ್ದು ಬರುತ್ತಿರಲಿಲ್ಲ.

"ಕರಡಿಗೆ ಮುಚ್ಚೇ ಇಟ್ಟು ಪ್ರದರ್ಶನ ಮಾಡ್ತಾರೆ ಅಂದ್ಕೊಂಡಿದ್ದೆ," ಎಂದರು ಚೂಡಾಮಣಿ. "ಬುಧವಾರ ಅಧಿಕಾರಿಗಳು ತೆಗೆದು ತೋರಿಸಿ ಅಂದ್ಬಿಟ್ರು. ವಾಗೀಶ ತೆಗೆದುಬಿಟ್ಟ."

"ಬುಧವಾರವೇ ಹೇಳಬಹುದಿತ್ತು ಮೇಡಂ. ಮೃತ್ಯುಂಜಯನ ಮೇಲೆ ಅನುಮಾನ ಬಿದ್ದಾಗಲಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ಏನಾಗ್ತಿತ್ತು? ಲಿಂಗ ಎಲ್ಲಿದೆ ಅಂತ ಕೇಳ್ತೀರಿ. ಕೇಳಿದ್ರೆ ಗುಣಿ ಅಗೆಸ್ತೀರಿ." ಮೊದಲ ಸಲ ಅವರ ದನಿ ಒಡೆಯಿತು. "ಇನ್ನೂ ಒಂದಿದೆ. ಮುಂದಿನ ತಿಂಗಳು ಸ್ಕಾಟ್‌ಲೆಂಡಿನ ಅದೇ ಮ್ಯೂಸಿಯಮ್ಮಿಂದ ಇನ್ನೂ ನಾಲ್ಕು ವಸ್ತು ಬರ್ಬೇಕು. ಅದರಲ್ಲಿ ಒಂದು ಊರಮ್ಮನ ಮುಖವಾಡ. ಆ ಅಮ್ಮನ ಊರಲ್ಲಿ ಇವತ್ತಿಗೂ ಬರೀ ಪೀಠಕ್ಕೆ ಪೂಜೆ ಮಾಡ್ತಾರೆ. ವಾಪಸ್ ಕೊಟ್ರೆ ಇವರ ಕೈಲಿ ಕಾಪಾಡ್ಕೊಳ್ಳೋಕೆ ಆಗಲ್ಲ ಅಂತ ಅಲ್ಲಿನೋರು ಯಾವಾಗ್ಲೂ ಹೇಳ್ತಿದ್ರು. ಅಲ್ಲ ಅಂತ ನಾನು ಎಷ್ಟು ವಾದ ಮಾಡಿದೀನಿ! ಈಗ ನಾನೇ..."



ಶಿಲ್ಪಶ್ರೀಯ ಮೊಬೈಲು ಮತ್ತೆ ಗುನುಗಿತು. ಡಿಸಿಪಿ. ಅವಳು ಎತ್ತಲಿಲ್ಲ.

"ಸಂಜೆಯೊಳಗೆ ಮೃತ್ಯುಂಜಯನನ್ನ ಕರ್ಕೊಂಡು ಹೋಗ್ಬೇಕು ಅಂತಿದಾರೆ ಮೇಡಂ."

"ಅವನ್ಯಾಕೆ? ನಾನಿದೀನಲ್ಲ!" ಚೂಡಾಮಣಿ ಎದ್ದೇ ನಿಂತರು. "ಬರ್ಕೊಳ್ಳಿ. ಚೂಡಾಮಣಿ ಅನ್ನೋಳು ಲಿಂಗ ತೆಗೆದಳು. ಮನಸ್ಸಿಗೆ ಹೆದರಿಕೆಯಾಗಿ ಶ್ರೀರಂಗಪಟ್ಟಣದ ಸೇತುವೆ ಮೇಲಿಂದ ಕಾವೇರಿಗೆ ಎಸೆದುಬಿಟ್ಟಳು. ಹಾಗಂತ ಬರೀರಿ. ನಾನು ಸಹಿ ಹಾಕ್ತೀನಿ."

"ಮೇಡಂ..."

"ಹೊಳೆಯಲ್ಲಿ ಎಷ್ಟು ದಿನ ಹುಡುಕ್ತಾರೆ? ಒಂದು ವಾರ? ಆಮೇಲೆ ಬಿಡ್ತಾರೆ. ನನ್ನ ನೌಕರಿ ಹೋಗ್ಲಿ, ಪೆನ್ಷನ್ ಹೋಗ್ಲಿ, ಜೈಲಾಗ್ಲಿ. ಹುಚ್ಚುಮುಂಡೆ ಒಬ್ಬಳು ಮಾಡಿದ ಕೆಲಸ ಅಂದ್ರೆ ಅಲ್ಲಿನೋರೂ ಇಲಾಖೆ ಮೇಲೆ ತಪ್ಪು ಹೊರಿಸಲ್ಲ. ಆ ತಾಯಿ ಕೈ ಮಾತ್ರ ಬಿಡಿಸಬೇಡಿ ಶಿಲ್ಪಶ್ರೀ. ಕಾಲಿಗೆ ಬೀಳ್ತೀನಿ."

"ಕೂತ್ಕೊಳ್ಳಿ ಮೇಡಂ. ದಯವಿಟ್ಟು ಕೂತ್ಕೊಳ್ಳಿ."

ಅವರು ಕೂತರು. ಶಿಲ್ಪಶ್ರೀ ಕಿಟಕಿಯ ಹತ್ತಿರ ಹೋಗಿ ನಿಂತಳು. ಸುಳ್ಳು ಹೇಳಿಕೆ ಬರೆದುಕೊಳ್ಳುವುದು ಅವಳು ತೊಟ್ಟ ಖಾಕಿಗೆ ಮಾಡುವ ದ್ರೋಹ. ನಿಜ ಬರೆದರೆ ನಾಳೆಯೇ ಕೋರ್ಟಿನ ಅಪ್ಪಣೆ, ನಾಡಿದ್ದು ತಹಶೀಲ್ದಾರರು, ಗುದ್ದಲಿ ಹಿಡಿದ ಆಳುಗಳು. ಹಸಿಮಣ್ಣು. ಬಟ್ಟೆ ಸುತ್ತಿದ ಒಂದು ಮುದುಕಿಯ ಕೈ. ಅದನ್ನು ಬಿಡಿಸಲು ಅಲ್ಲಿ ನಿಂತಿರಬೇಕಾದವಳು ತಾನೇ.

ಅವಳು ವಾಪಸು ಬಂದು ಕೂತು ಪೆನ್ನು ತೆರೆದಳು. ಚೂಡಾಮಣಿಯವರ ಹೆಸರು, ವಯಸ್ಸು, ಹುದ್ದೆ ಬರೆದಳು. ಮುಂದಿನ ಸಾಲಿಗೆ ಬಂದಾಗ ಕೈ ನಿಂತಿತು. ಎದುರಿಗಿದ್ದವರು ಉಸಿರು ಬಿಗಿಹಿಡಿದು ಕೂತಿದ್ದರು.

'ಶ್ರೀರಂಗಪಟ್ಟಣದ' ಎಂದು ಬರೆದಳು.

ಬಾಗಿಲು ಬಡಿದ ಸದ್ದು. ಹೆಡ್ ಕಾನ್‌ಸ್ಟೇಬಲ್ ಮಂಟಯ್ಯ ತಲೆ ಒಳಗೆ ಹಾಕಿದ.

"ಮೇಡಂ, ಆ ಗಿರಣಿ ಮೃತ್ಯುಂಜಯ ಬಂದವ್ನೆ. ಸ್ಟೇಷನ್‌ಗೆ ಹೋಗಿದ್ನಂತೆ, ನೀವು ಇಲ್ಲಿದೀರಿ ಅಂದ್ರಂತೆ. ಕೂತ್ಕೊಳ್ಳೋ ಅಂದ್ರೆ ಕೂರ್ತಾ ಇಲ್ಲ. ಅವನ ಮೊಖ ನೋಡಿದ್ರೆ ನಂಗೇ ಎಂಗೋ ಆಯ್ತದೆ."

ಶಿಲ್ಪಶ್ರೀ ಹಾಳೆಯನ್ನು ಮಗುಚಿಟ್ಟಳು. "ಕಳಿಸಿ."

ಮೃತ್ಯುಂಜಯ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದ. ಬೆಳಿಗ್ಗೆ ಗಿರಣಿಯ ಮುಂದೆ ಕಲ್ಲಿನಂತೆ ಕೂತಿದ್ದ ಮನುಷ್ಯ ಇವನೇ ಎಂದು ಹೇಳುವಂತಿರಲಿಲ್ಲ. ತುಟಿ ಒಣಗಿತ್ತು. ಎದೆಗೆ ಒಂದು ದೊಡ್ಡ ಕವರನ್ನು ಅವುಚಿಕೊಂಡಿದ್ದ. ಆಸ್ಪತ್ರೆಯಲ್ಲಿ ಸ್ಕ್ಯಾನಿನ ಫಿಲಂ ಹಾಕಿ ಕೊಡುವಂಥದು. ಚೂಡಾಮಣಿಯವರನ್ನು ಅವನು ಗಮನಿಸಿದಂತೆ ಕಾಣಲಿಲ್ಲ. ನೇರ ಶಿಲ್ಪಶ್ರೀಯ ಮುಂದೆ ಬಂದು ಕವರಿನೊಳಗೆ ಕೈ ಹಾಕಿದ.

ಮೇಜಿನ ಮೇಲೆ ಇನ್ನೊಂದು ಕರಡಿಗೆ ಇಟ್ಟ.

ಇದು ಚಿಕ್ಕದು. ತಿಕ್ಕಿ ತಿಕ್ಕಿ ಸವೆದದ್ದು. ಹಳೆಯ ಶಿವದಾರ ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು; ಬೆವರಿಗೆ, ಎಣ್ಣೆಗೆ ಕಂದು ತಿರುಗಿದ ದಾರ.

"ಇದು ನಮ್ಮವ್ವಂದು," ಎಂದ.

ಶಿವದಾರವನ್ನು ಬಿಡಿಸಿ ಕರಡಿಗೆಯ ಪಕ್ಕಕ್ಕೆ ಸರಿಮಾಡಿಟ್ಟ.

"ಆಸ್ಪತ್ರೇಲಿ ಸ್ಕ್ಯಾನ್ ಮಾಡ್ಬೇಕಾದ್ರೆ ಮೈಮೇಲೆ ಬೆಳ್ಳಿ ಬಂಗಾರ ಇರಂಗಿಲ್ಲ ಅಂದ್ರು ಮೇಡಂ. ಬಿಚ್ಚಿ ನನ್ನ ಕೈಗೇ ಕೊಟ್ರು. ಕಳೆದೋಗ್ಬಾರ್ದು ಅಂತ ನಾನು ಈ ಕವರಿಗೆ ಹಾಕ್ದೆ. ಮನೆಗೆ ಕರ್ಕೊಂಡು ಬಂದ್ವಿ. ನಾನು, ನನ್ನೆಂಡ್ತಿ ಕಟ್ಟವ್ಳೆ ಅಂದ್ಕೊಂಡೆ. ಅವಳು ನಾನು ಕಟ್ಟಿರ್ತೀನಿ ಅಂದ್ಕೊಂಡ್ಲು. ಕಂಬಳಿ ಹೊದ್ದಿಸಿ ಮಲಗ್ಸಿದ್ವಿ. ಯಾರು ತೆಗೆದು ನೋಡಿದ್ರು? ಇವತ್ತು ಈ ಕವರ್ ಬಿಚ್ಚಿದ್ರೆ ಇದು ಒಳಗೇ ಅದೆ."

ಅವನು ಕರಡಿಗೆಯಿಂದ ಕಣ್ಣು ತೆಗೆಯಲು ನೋಡಿದ. ಆಗಲಿಲ್ಲ. ಹಾಗೇ ಮುಂದುವರಿಸಿದ.

"ಎರಡು ದಿನ ಅವ್ವ ಎದೆ ಮೇಲೆ ತಡಕಾಡ್ತಾನೇ ಇದ್ಲು. ಮಾತಿಲ್ಲ, ಕತೆಯಿಲ್ಲ, ಬರೀ ತಡಕಾಡೋದು. ನೋವಿರ್ಬೇಕು ಅಂತ ನಾನು ಮುಲಾಮು ತಿಕ್ದೆ ಮೇಡಂ. ಅವಳು ತನ್ನ ಲಿಂಗ ಹುಡುಕ್ತ ಇದ್ಲು. ನಾನು ಮುಲಾಮು ತಿಕ್ದೆ."

ಚೂಡಾಮಣಿಯವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಭಾನುವಾರ ಬೆಳಿಗ್ಗೆ ಆ ಮುದುಕಿ ಎತ್ತಿದ್ದ ಎಡಗೈ ಏನನ್ನು ಕೇಳುತ್ತಿತ್ತೆಂದು ಅವರಿಗೆ ಆಗ ತಿಳಿದಿರಬೇಕು. 

"ಗುಣಿ ತೆಗೀಬೇಕು ಮೇಡಂ. ಅದ್ಕೇ ಬಂದೆ. ಏನೇನು ಪರ್ಮಿಷನ್ ಬೇಕೋ ಕೊಡ್ಸಿ. ನಮ್ಮನೇಲಿ ಒಬ್ಬ ಲಿಂಗ ಇಲ್ದೆ ಮಣ್ಣಿಗೋಗಿದ್ದೇ ಸಾಕು. ನಮ್ಮವ್ವಂಗೂ ಅದೇ ಗತಿ ಆಗ್ಬಾರ್ದು. ನನ್ನ ಅರೆಸ್ಟ್ ಮಾಡೋದಾದ್ರೆ ಆಮೇಲೆ ಮಾಡ್ಕೊಳ್ಳಿ."

"ಮೃತ್ಯುಂಜಯ," ಎಂದಳು ಶಿಲ್ಪಶ್ರೀ. 

"ಆದ್ರೆ ಮೇಡಂ, ಸ್ವಾಮಿಗಳು ಅವ್ವನ ಅಂಗೈ ಬಿಚ್ಚಿದಾಗ ನಾನೂ ನೋಡ್ದೆ. ಒಳಗೆ ಕಪ್ಪಗೆ ಲಿಂಗ ಇತ್ತು. ಇದು ಇಲ್ಲಿದ್ರೆ, ಅಲ್ಲಿದ್ದದ್ದು ಏನು?"

ಕೇಳುತ್ತ ಕೇಳುತ್ತಲೇ ಅವನ ಕಣ್ಣು ಮೇಜಿನ ಮೇಲೆ ಸರಿಯಿತು. ತನ್ನ ತಾಯಿಯ ಕರಡಿಗೆಯ ಪಕ್ಕದಲ್ಲಿ ಬಾಯಿ ತೆರೆದುಕೊಂಡಿದ್ದ ಇನ್ನೊಂದನ್ನು ನೋಡಿದ. ಅದರ ಆಚೆಗೆ ಕೂತಿದ್ದ ಹೆಂಗಸನ್ನು ನೋಡಿದ. ಬಹಳ ಹೊತ್ತು ನೋಡಿದ.

"ಮೇಡಮ್ಮೋರೇ," ಎಂದ, ದನಿ ಎತ್ತರಿಸದೆ. "ಕೊನೇಲಿ ಅವ್ವನ ಹತ್ರ ಒಬ್ರೇ ಕೂತಿದ್ದೋರು ನೀವಲ್ವಾ? ಅವಳ ಕೈಗೆ ಏನು ಕೊಟ್ರಿ?"